ದವಡೆಯ ಕೀಲು ಮತ್ತು ಹಿಪ್ಪೊಕ್ರೇಟಿಸ್

ಮಕ್ಕಳೇ, ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಅಲ್ಲಿ ಅಲುಗಾಡುವುದೇ ದವಡೆಯ ಕೀಲು. ಜೋರಾಗಿ ಆಕಳಿಸಿದಾಗ ಕೆಲವರಲ್ಲಿ ಅದು ಮುಂದಕ್ಕೆ ಜಾರಿಬಿಡುತ್ತದೆ. ತೆರೆದ ಬಾಯಿ ಮುಚ್ಚಲು ಬರುವುದಿಲ್ಲ.

ವೈದ್ಯಶಾಸ್ತ್ರದ ಪಿತಾಮಹನೆಂದು ಹೆಸರಾದ ಹಿಪ್ಪೊಕ್ರೇಟಿಸ್ ಸುಮಾರು ಕ್ರಿ.ಪೂ. 460ರಲ್ಲಿ ಗ್ರೀಸ್‌ನ ಕಾಸ್ ದ್ವೀಪದಲ್ಲಿ ಹುಟ್ಟಿದನು. ಊರೂರು ಸುತ್ತಿ ರೋಗಿಗಳನ್ನು ನೋಡಿದನು, ಶಿಷ್ಯರಿಗೆ ಕಲಿಸಿದನು. ಅವನ ಹೆಸರಿನಲ್ಲಿರುವ ಕೀಲುಗಳ ಗ್ರಂಥದಲ್ಲಿ ಈ ತೊಂದರೆಗೂ ಉಪಾಯವಿದೆ: ಒಬ್ಬರು ರೋಗಿಯ ತಲೆ ಹಿಡಿಯಬೇಕು, ವೈದ್ಯನು ದವಡೆಯನ್ನು ಹಿಡಿದು, ಹಿಂದಕ್ಕೆ ತಳ್ಳಿ ಕೀಲು ಕೂರಿಸಬೇಕು, ಆಮೇಲೆ ಪಟ್ಟಿ ಕಟ್ಟಬೇಕು.

ದವಡೆಯನ್ನು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳುವ ಇಂದಿನ ವಿಧಾನಕ್ಕೂ ಅವನದೇ ಹೆಸರು. ಪದೇ ಪದೇ ಜಾರುವ ಕೀಲಿಗೆ ಈಗ ಶಸ್ತ್ರಚಿಕಿತ್ಸೆಯೂ ಉಂಟು. ಯಾರಿಗಾದರೂ ಹೀಗಾದರೆ ನೀವು ದವಡೆ ಎಳೆಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ಹಿರಿಯರಿಗೆ ತಿಳಿಸಿ.