ಕೇಳಿಸದ ಕಿವಿಯೂ ಪಂಡಿತಾ ರಮಾಬಾಯಿಯೂ

ಕಳೆದ ತಿಂಗಳು ಇಂಟರ್ನ್‌ಶಿಪ್‌ಗೆಂದು ಒಂದು ಕಂಪನಿಯವರು ಫೋನಿನಲ್ಲೇ ನನ್ನ ಸಂದರ್ಶನ ಮಾಡಿದರು. ನನಗೆ ಎಡಗಿವಿ ಚಿಕ್ಕಂದಿನಿಂದಲೂ ಮಂದ. ಈಗೀಗ ಬಲಗಿವಿಯೂ ಅದೇ ದಾರಿ ಹಿಡಿದಿದೆ. ಇನ್ನೊಮ್ಮೆ ಹೇಳಿ ಸರ್ ಎಂದು ಮೂರು ಸಲ ಕೇಳಿದೆ. ನಾಲ್ಕನೇ ಸಲ ಕೇಳಲು ನಾಚಿಕೆಯಾಗಿ ತೋಚಿದ್ದೊಂದು ಉತ್ತರ ಹೇಳಿಬಿಟ್ಟೆ. ಅವರು ಕೇಳಿದ್ದು ಡೇಟಾಬೇಸ್ ಬಗ್ಗೆ, ನಾನು ಹೇಳಿದ್ದು ನೆಟ್‌ವರ್ಕ್ ಬಗ್ಗೆ. ಮುಂದೇನಾಯಿತು ಅಂತ ಹೇಳಬೇಕಿಲ್ಲ.

ಅಮ್ಮ ಅವತ್ತು ಉಪವಾಸವಿದ್ದು ಪ್ರಾರ್ಥಿಸಿದ್ದಳು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಮುಂದಿನ ಭಾನುವಾರ ತಲೆನೋವು ಅಂತ ಸುಳ್ಳು ಹೇಳಿ ಚರ್ಚಿಗೆ ಹೋಗಲಿಲ್ಲ. ಆ ವಾರವೇ ಲೈಬ್ರರಿಯಲ್ಲಿ ಪಂಡಿತಾ ರಮಾಬಾಯಿಯ ಜೀವನಚರಿತ್ರೆ ಕೈಗೆ ಸಿಕ್ಕಿತು. ಶಾಲೆಯ ಪಾಠದಲ್ಲಿ ಅವರ ಹೆಸರು ಓದಿದ್ದೆ. ಅವರಿಗೂ ಕಿವಿ ಕೇಳುತ್ತಿರಲಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಗಸರು ಸಂಸ್ಕೃತ ಕಲಿಯಬಾರದು ಎನ್ನುತ್ತಿದ್ದ ಕಾಲದಲ್ಲಿ ಅವರು ಹೆಂಡತಿಗೆ ಕಲಿಸಿದರು. ತಾಯಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಕುಟುಂಬ ಪುರಾಣ ಹೇಳುತ್ತಾ ಊರೂರು ತಿರುಗಿತು. 1870ರ ದಶಕದ ಬರದಲ್ಲಿ ಮೊದಲು ತಂದೆ, ಆಮೇಲೆ ತಾಯಿ, ಅಕ್ಕ ಎಲ್ಲರೂ ತೀರಿಕೊಂಡರು. ಉಳಿದದ್ದು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಹಸಿದ ಹೊಟ್ಟೆಯಲ್ಲಿ ನಡೆಯುತ್ತಾ, 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು.

ಬಿರುದು ಬಂತು, ಕಷ್ಟ ಮಾತ್ರ ಬಿಡಲಿಲ್ಲ. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಜಾತಿ ಮೀರಿ ವಕೀಲ ವಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಎರಡು ವರ್ಷವೂ ತುಂಬುವ ಮೊದಲೇ ಕಾಲರಾ ಅವರನ್ನೂ ಕೊಂಡೊಯ್ದಿತು. 23ರ ಹರೆಯದ ವಿಧವೆ, ಕೈಯಲ್ಲಿ ಪುಟ್ಟ ಮಗಳು ಮನೋರಮಾ.

ಡಾಕ್ಟರಾಗಿ ನಮ್ಮ ದೇಶದ ಹೆಂಗಸರ ಸೇವೆ ಮಾಡಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಅಲ್ಲಿ ಕಿವಿ ಕೈಕೊಟ್ಟಿತು. ಕಿವಿ ಕೇಳದೆ ವೈದ್ಯಕೀಯ ಓದುವುದು ಆಗದ ಮಾತಾಗಿ, ಆ ಕನಸನ್ನು ಬಿಡಬೇಕಾಯಿತು. ಈ ಪುಟದಲ್ಲಿ ನಾನು ತುಂಬಾ ಹೊತ್ತು ನಿಂತೆ. ಆಕೆ ಸಮುದ್ರ ದಾಟಿ ಬಂದಿದ್ದೇ ಅದಕ್ಕಾಗಿ ಅಲ್ಲವೇ?

ಅದೇ ವರ್ಷ ವಾಂಟೇಜ್ ಎಂಬ ಊರಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಇನ್ನು ಎಲ್ಲ ಸರಿಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ತ್ರಿಯೇಕ ದೇವರ ಬೋಧನೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಆಶ್ರಯ ಕೊಟ್ಟ ಸನ್ಯಾಸಿನಿಯರ ಜೊತೆಗೇ ಪತ್ರಗಳಲ್ಲಿ ವಾದ ಮಾಡಿದರು. ಬೇರೊಬ್ಬರು ಹೇಳಿದರೆಂದು ನಂಬಲು ಆಗುವುದಿಲ್ಲ, ತನ್ನ ಮನಸ್ಸಾಕ್ಷಿಗೂ ಮಾತಿದೆ ಎಂಬುದು ಅವರ ನಿಲುವು. ಒಳಗೆ ಮಾತ್ರ ಏನೋ ಖಾಲಿ. ಧರ್ಮ ಸಿಕ್ಕಿದೆ, ಕ್ರಿಸ್ತ ಸಿಕ್ಕಿಲ್ಲ ಎಂಬ ಕೊರಗು ವರ್ಷಗಟ್ಟಲೆ ಕಾಡಿತು ಎಂದು ಮುಂದೆ ಅವರೇ ಬರೆದುಕೊಂಡರು.

ಹೊರಗಿನ ಕೆಲಸ ಆ ಖಾಲಿತನದ ನಡುವೆಯೇ ನಡೆದಿತ್ತು. ಅಮೆರಿಕಕ್ಕೆ ಹೋಗಿ ಹಿಂದೂ ಬಾಲವಿಧವೆಯರ ಸ್ಥಿತಿ ಕುರಿತು ಪುಸ್ತಕ ಬರೆದು ಹಣ ಕೂಡಿಸಿದರು. 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದರು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷವಾದ ಮೇಲೆ ಒಂದು ಅರಿವು ಮೂಡಿತು. ಯೋಗ್ಯಳಾದ ಮೇಲೆ ದೇವರ ಬಳಿ ಹೋಗುತ್ತೇನೆ ಎಂದು ಕಾಯುವುದೇ ತಪ್ಪು. ಸ್ವಂತ ಬಲದಿಂದ ಯೋಗ್ಯಳಾಗಲು ಆಗುವುದೇ ಇಲ್ಲ. ಇದ್ದ ಹಾಗೆಯೇ, ಕೈ ಬರಿದಾಗಿಯೇ ಹೋಗಬೇಕು. ಅಷ್ಟು ದೊಡ್ಡ ಪಂಡಿತೆಗೆ ಇದು ಸುಲಭವಾಗಿರಲಿಕ್ಕಿಲ್ಲ.

ಆಮೇಲೂ ದಾರಿ ಹೂವಿನದಾಗಲಿಲ್ಲ. 1893ರಲ್ಲಿ ಮತಾಂತರದ ಆರೋಪ ಬಂದು ಪುಣೆಯಲ್ಲಿ ದೊಡ್ಡ ಗಲಾಟೆಯಾಯಿತು. ಸಲಹಾ ಸಮಿತಿಯಲ್ಲಿದ್ದ ರಾನಡೆಯವರಂಥ ಹಿರಿಯರೂ ದೂರ ಸರಿದರು. ಹಲವು ಪೋಷಕರು ಹುಡುಗಿಯರನ್ನು ಕರೆದೊಯ್ದರು. 1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಹಸಿವು ಏನೆಂದು ಬಲ್ಲ ರಮಾಬಾಯಿ ತಾವೇ ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಎದ್ದಿತು. 1900ರ ಬರದ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನ. ಹೊಲ, ಮಗ್ಗ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕಣ್ಣು ಕಾಣದವರಿಗೂ ಅಲ್ಲಿ ಓದು ಕಲಿಸಿದರು. ನಮ್ಮ ಗುಲ್ಬರ್ಗದಲ್ಲೂ ಶಾಲೆ ತೆರೆದರು.

ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಸರಳ ಮರಾಠಿಗೆ ತಂದರು. ಬಾಲ್ಯದಲ್ಲಿ ಅಮ್ಮ ಕಲಿಸಿದ ಭಾಷಾಶಿಸ್ತೇ ಇಲ್ಲಿ ಕೆಲಸಕ್ಕೆ ಬಂತು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡಳು. ಮರುವರ್ಷ ಏಪ್ರಿಲ್ 5ರಂದು ರಮಾಬಾಯಿಯೂ ಹೋದರು.

ಗೆಳೆಯರೇ, ಕಿವಿ ಹೋದದ್ದಕ್ಕೇ ಇಷ್ಟೆಲ್ಲ ಆಯಿತು, ಆದ್ದರಿಂದ ಕಿವಿ ಹೋಗುವುದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅಂಥ ಸಮಾಧಾನ ಹೇಳುವವರನ್ನು ಕಂಡರೆ ನನಗೂ ಆಗುವುದಿಲ್ಲ. ಅವರ ಕಿವಿ ಕೊನೆಗೂ ಸರಿಹೋಗಲಿಲ್ಲ, ಹೋದವರು ಯಾರೂ ಮರಳಿ ಬರಲಿಲ್ಲ. ಆದರೆ ಆಶೀರ್ವಾದ ಎಂದರೆ ಕೊರತೆ ನೀಗುವುದು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಕೊರತೆ ಇದ್ದ ಹಾಗೇ ಇದ್ದು, ಅದರ ಜೊತೆಗೇ ನಮ್ಮನ್ನು ಕೆಲಸಕ್ಕೆ ಹಚ್ಚುವ ಆಶೀರ್ವಾದವೂ ಇದೆ ಎಂದು ಈ ಬದುಕು ತೋರಿಸಿತು. ದೇವರ ಮೇಲೆ ಸಿಟ್ಟು ಮಾಡುವುದು, ಪ್ರಶ್ನೆ ಕೇಳುವುದು ನಂಬಿಕೆ ಕಳೆದುಕೊಂಡ ಗುರುತಲ್ಲ ಎಂದೂ ಗೊತ್ತಾಯಿತು.

ಮೊನ್ನೆ ಪ್ಲೇಸ್‌ಮೆಂಟ್ ಸೆಲ್‌ಗೆ ಹೋಗಿ ನನ್ನ ಕಿವಿಯ ವಿಷಯ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಪ್ರಶ್ನೆಗಳನ್ನು ಪರದೆಯ ಮೇಲೆ ಬರೆದು ಕೇಳುವಂತೆ ಕಂಪನಿಗಳಿಗೆ ತಿಳಿಸಲು ಅರ್ಜಿ ಕೊಟ್ಟೆ. ಉತ್ತರ ಇನ್ನೂ ಬಂದಿಲ್ಲ. ಭಾನುವಾರ ಚರ್ಚಿನಲ್ಲಿ ಹಿಂದಿನ ಬೆಂಚು ಬಿಟ್ಟು ಮುಂದೆ, ಪ್ರಸಂಗಪೀಠದ ಹತ್ತಿರ ಕುಳಿತೆ. ಅರ್ಧದಷ್ಟು ಕೇಳಿಸಿತು. ಉಳಿದದ್ದನ್ನು ಮನೆಗೆ ಬಂದು ಅಮ್ಮನ ಹತ್ತಿರ ಕೇಳಿ ತಿಳಿದುಕೊಂಡೆ.