ಕಾಲಕ್ಕೆ ಕನ್ನಡಿ ಹಿಡಿದ ಟಿ.ಎಸ್. ಸತ್ಯನ್

ಹತ್ತನೇ ತರಗತಿಯ ಗುಂಪುಚಿತ್ರ ನಮ್ಮ ಕಡೆಯ ಬಹಳ ಮನೆಗಳ ಗೋಡೆಯ ಮೇಲಿದೆ. ನಡುವೆ ಕುರ್ಚಿಯಲ್ಲಿ ಮುಖ್ಯೋಪಾಧ್ಯಾಯರು, ಅವರ ಎರಡು ಪಕ್ಕಕ್ಕೂ ಮೇಷ್ಟ್ರುಗಳು, ಮುಂದೆ ನೆಲದ ಮೇಲೆ ಕುಳ್ಳಗಿನವರು, ಹಿಂದೆ ಬೆಂಚು ಹತ್ತಿ ನಿಂತ ಉದ್ದನೆಯವರು. ಅಲುಗಾಡಬಾರದೆಂದು ಫೋಟೋದವರು ಹೇಳಿದ್ದರಿಂದ ಎಲ್ಲರೂ ಉಸಿರು ಬಿಗಿಹಿಡಿದಿರುತ್ತಾರೆ. ಆ ಚಿತ್ರ ನಮಗೆ ಬೇಕು. ಆದರೆ ಅದರಲ್ಲಿ ಶಾಲೆ ನಡೆಯುತ್ತಿರುವುದು ಕಾಣುವುದಿಲ್ಲ. ನಡೆಯುವ ಬದುಕನ್ನು ತಡೆದು ನಿಲ್ಲಿಸದೆ ಚಿತ್ರದಲ್ಲಿ ಹಿಡಿಯುವ ವಿದ್ಯೆಯನ್ನು ಕಲಿತು, ಅದರಿಂದಲೇ ದೇಶವಿದೇಶಗಳಲ್ಲಿ ಹೆಸರಾದವರು ನಮ್ಮ ಜಿಲ್ಲೆಯವರೇ ಆದ ಟಿ.ಎಸ್. ಸತ್ಯನ್.

ಸತ್ಯನ್ ಅವರು ಹುಟ್ಟಿದ್ದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲಿ. ಬನುಮಯ್ಯನವರ ಶಾಲೆಯಲ್ಲಿ, ಆಮೇಲೆ ಮಹಾರಾಜ ಕಾಲೇಜಿನಲ್ಲಿ ಓದಿದರು. ಪದವಿ ಪಡೆದವರು ಸರ್ಕಾರಿ ನೌಕರಿಯನ್ನೋ ಮೇಷ್ಟ್ರ ಕೆಲಸವನ್ನೋ ಹುಡುಕುತ್ತಿದ್ದ ಕಾಲ ಅದು. ಫೋಟೋ ತೆಗೆಯುವವರೆಂದರೆ ಸ್ಟುಡಿಯೋದಲ್ಲಿ ಪರದೆ ಕಟ್ಟಿ ಕೂರಿಸುವವರು ಎಂದೇ ಜನರ ಎಣಿಕೆ. ಸತ್ಯನ್ ಮಾತ್ರ ಕ್ಯಾಮೆರಾವನ್ನು ಬೀದಿಗೆ ತಂದರು. 1948ರಲ್ಲಿ ಪೋತನ್ ಜೋಸೆಫ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಆರಂಭವಾದಾಗ ಅಲ್ಲಿ ಛಾಯಾಗ್ರಾಹಕರಾಗಿ ಸೇರಿದರು. ಅನಂತರ ಮುಂಬಯಿಗೆ ಹೋಗಿ ಇಲ್ಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದರು. ಮುಂದೆ ತಿಂಗಳ ಸಂಬಳದ ಆಸರೆಯನ್ನು ಬಿಟ್ಟು, ದೆಹಲಿಯಲ್ಲಿ ನೆಲೆಸಿ, ಸ್ವತಂತ್ರವಾಗಿ ಕೆಲಸ ಮಾಡಿದರು. ಲೈಫ್, ಟೈಮ್‌ನಂಥ ಅಮೆರಿಕದ ಪತ್ರಿಕೆಗಳಿಗೂ ಅವರ ಚಿತ್ರಗಳು ಹೋದವು.

ಈ ಕಸುಬಿನ ಕಷ್ಟ ತಿಳಿಯಬೇಕಾದರೆ ನಂಜನಗೂಡಿನ ದೊಡ್ಡ ತೇರನ್ನು ನೆನೆದುಕೊಂಡರೆ ಸಾಕು. ತೇರು ಕದಲುತ್ತದೆ, ಸಾವಿರಾರು ಕೈಗಳು ಹಗ್ಗ ಎಳೆಯುತ್ತವೆ, ಹಣ್ಣು ಜವನ ಹಾರುತ್ತದೆ. ಕ್ಯಾಮೆರಾದ ಕಣ್ಣು ಒಂದು ಸೆಕೆಂಡಿನ 500ನೇ ಒಂದು ಭಾಗ ಮಾತ್ರ ತೆರೆದರೆ, ಎಸೆದ ಬಾಳೆಹಣ್ಣು ಗಾಳಿಯಲ್ಲೇ ನಿಂತಂತೆ ಮೂಡುತ್ತದೆ. 15ನೇ ಒಂದು ಭಾಗ ತೆರೆದರೆ ಗೋಪುರ ಸ್ಪಷ್ಟವಾಗಿ ನಿಂತು, ಎಳೆಯುವ ಜನ ಹೊಳೆಯಂತೆ ಹರಿದು ಕಾಣುತ್ತಾರೆ. ಎರಡೂ ನಿಜವೇ. ಯಾವ ನಿಜ ಬೇಕೆಂಬುದನ್ನು ಛಾಯಾಗ್ರಾಹಕ ಮೊದಲೇ ತೀರ್ಮಾನಿಸಿರಬೇಕು. ಅಂದಿನ ಫಿಲ್ಮ್ ಸುರುಳಿಯಲ್ಲಿ ಸಿಗುತ್ತಿದ್ದದ್ದು 12 ಚಿತ್ರ, ಸಣ್ಣ ಫಿಲ್ಮಾದರೆ 36. ಕತ್ತಲೆ ಕೋಣೆಯಲ್ಲಿ ತೊಳೆಯುವವರೆಗೆ ಬಂದದ್ದೇನು ಹೋದದ್ದೇನು ಗೊತ್ತಾಗುತ್ತಿರಲಿಲ್ಲ. ತಪ್ಪಿದರೆ ಮುಂದಿನ ವರ್ಷದ ತೇರಿಗೇ ಕಾಯಬೇಕು.

ಎಲ್ಲಿ ನಿಂತು ನೋಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಸೋಪಾನದ ಮೇಲಿಂದ ನೋಡಿದರೆ ಮೀಯುವವರ ತಲೆಗಳಷ್ಟೇ ಕಾಣುತ್ತವೆ. ನಾಲ್ಕು ಮೆಟ್ಟಿಲು ಇಳಿದು ನೀರಿನ ಮಟ್ಟಕ್ಕೆ ಕುಳಿತರೆ ಅದೇ ಜನರ ಮುಖ ಕಾಣುತ್ತದೆ, ಮುಖದ ಮೇಲಿನ ನೀರು ಕಾಣುತ್ತದೆ. ಮೇಲಿಂದ ನೋಡಿದಾಗ ಅದು ಜನಜಂಗುಳಿ, ಹತ್ತಿರ ಕುಳಿತು ನೋಡಿದಾಗ ಒಬ್ಬ ಅಜ್ಜಿ, ಒಬ್ಬ ಮೊಮ್ಮಗ.

ಸತ್ಯನ್ ಅವರ ಹೆಚ್ಚುಗಾರಿಕೆ ಇರುವುದು ಹೀಗೆ ಹತ್ತಿರ ಹೋಗಿ ನೋಡಿದ್ದರಲ್ಲಿ. ನೆಹರೂ ಅವರಂಥ ದೊಡ್ಡವರ ಚಿತ್ರಗಳನ್ನು ಅವರು ತೆಗೆದರು. ಆದರೂ ಅವರಿಗೆ ಶಾಶ್ವತವಾದ ಹೆಸರು ತಂದದ್ದು ಹೆಸರಿಲ್ಲದವರ ಚಿತ್ರಗಳು, ಅದರಲ್ಲೂ ಮಕ್ಕಳ ಚಿತ್ರಗಳು. ಹೆಚ್ಚಿನವು ಕಪ್ಪು ಬಿಳುಪಿನವು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಅವರು ಚಿತ್ರಿಸಿದರು. ನಮ್ಮ ಊರುಗಳ ಹಿರಿಯರ ತೋಳಿನ ಮೇಲೆ ಈಗಲೂ ದಾಕು ಹಾಕಿದ ಗುರುತಿದೆ. ಆ ಗುರುತಿನ ಹಿಂದೆ ಮನೆಮನೆಗೆ ನಡೆದುಹೋದ ಆರೋಗ್ಯ ಕಾರ್ಯಕರ್ತರ ಶ್ರಮವಿತ್ತು ಎಂಬುದನ್ನು ಮುಂದಿನವರು ಕಣ್ಣಾರೆ ಕಾಣಲು ಇಂಥ ಚಿತ್ರಗಳೇ ಸಾಕ್ಷಿ. ಯುನಿಸೆಫ್‌ಗಾಗಿಯೂ ಅವರು ದುಡಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು.

1977ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. ಎಚ್.ವೈ. ಶಾರದಾ ಪ್ರಸಾದ್ ಅವರೊಡನೆ ಕರ್ನಾಟಕವನ್ನು ಕುರಿತ ಚಿತ್ರಗ್ರಂಥವೊಂದನ್ನು ಹೊರತಂದರು. ಊರೂರು ತಿರುಗಿದವರು ಕೊನೆಗೆ ಮೈಸೂರಿಗೇ ಮರಳಿದರು. ಇಂಗ್ಲಿಷಿನಲ್ಲಿ ಆತ್ಮಕಥನ ಬರೆದರು, ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಎಂಬ ಪುಸ್ತಕ ಕೊಟ್ಟರು. 2009ರ ಡಿಸೆಂಬರ್ 13ರಂದು ತೀರಿಕೊಂಡರು. 86 ತುಂಬಲು ಇನ್ನು ಐದೇ ದಿನ ಉಳಿದಿತ್ತು.

ಈಗ ಪ್ರತಿ ಮನೆಯಲ್ಲೂ ಕ್ಯಾಮೆರಾ ಇರುವ ಫೋನಿದೆ. ಒಂದೇ ಮದುವೆಗೆ ಸಾವಿರ ಚಿತ್ರ ತೆಗೆಯುತ್ತೇವೆ, ಫೋನು ಕೆಟ್ಟ ದಿನ ಎಲ್ಲವನ್ನೂ ಕಳೆದುಕೊಳ್ಳುತ್ತೇವೆ. ಇನ್ನೊಂದು ಕಡೆ, ಐವತ್ತು ವರ್ಷಗಳ ಶಾಲೆಯ ದಿನನಿತ್ಯದ ಬದುಕು ಗುಂಪುಚಿತ್ರದ ಆಚೆಗೇ ಉಳಿದುಬಿಟ್ಟಿದೆ. ಗಂಟೆ ಬಾರಿಸುವ ಕೈ, ಮಳೆಯಲ್ಲಿ ತಲೆಯ ಮೇಲೆ ಚೀಲ ಹೊತ್ತು ಓಡುವ ಮಕ್ಕಳು, ಬಿಸಿಯೂಟದ ಸಾಲು, ಉತ್ತರ ತೋಚದೆ ಕರಿಹಲಗೆಯ ಮುಂದೆ ನಿಂತ ಹುಡುಗಿ, ಇವೆಲ್ಲ ನಮ್ಮ ನೆನಪಿನಲ್ಲಿವೆ. ನೆನಪು ನಮ್ಮೊಡನೆಯೇ ಹೋಗುತ್ತದೆ.

ಹಳೆಯ ವಿದ್ಯಾರ್ಥಿಗಳು ಪೆಟ್ಟಿಗೆಯಲ್ಲಿರುವ ಹಳೆಯ ಫೋಟೋಗಳನ್ನು ಹೊರತೆಗೆಯಲಿ. ಹಿಂದುಗಡೆ ಇಸವಿಯನ್ನೂ ಅದರಲ್ಲಿರುವವರ ಹೆಸರುಗಳನ್ನೂ ಇಂದೇ ಬರೆದಿಡಲಿ. ಈಗ ಓದುತ್ತಿರುವ ಮಕ್ಕಳು ಫೋನು ಎತ್ತುವ ಮೊದಲು ಒಂದು ಗಳಿಗೆ ಕಾಯಲಿ, ಎಲ್ಲಿ ನಿಲ್ಲಬೇಕೆಂದು ಯೋಚಿಸಲಿ, ಎದುರಿಗಿರುವವರನ್ನು ಪ್ರೀತಿಯಿಂದ ನೋಡಲಿ. ಹಾಗೆ ಮಾಡಿದರೆ ಶತಮಾನೋತ್ಸವದ ಸಂಚಿಕೆಯನ್ನು ತೆರೆದವರಿಗೆ ನಮ್ಮ ಶಾಲೆ ನಡೆಯುತ್ತಿರುವುದು ಕಾಣುತ್ತದೆ.