ಚರಂಡಿ ಸೇರುವ ಕಡಲಲ್ಲಿ ಮದ್ದು ಕಂಡವರು

ಪ್ರತಿಜೀವಕ ಅಂದ ಕೂಡಲೆ ನಮಗೆಲ್ಲ ನೆನಪಾಗೋದು ಪೆನಿಸಿಲಿನ್, ಅದರ ಹಿಂದೆಯೇ ಫ್ಲೆಮಿಂಗ್. ವೈದ್ಯಲೋಕ ಅಷ್ಟೇ ಗೌರವದಿಂದ ನೆನೆಯುವ ಇನ್ನೊಬ್ಬರಿದ್ದಾರೆ: ಇಟಲಿಯ ಜುಸೆಪ್ಪೆ ಬ್ರೋಟ್ಸು. ನನ್ನ ಮಟ್ಟಿಗೆ ಇವರ ಕಥೆಯೇ ಹೆಚ್ಚು ಸ್ವಾರಸ್ಯದ್ದು. ಫ್ಲೆಮಿಂಗರ ತಟ್ಟೆಗೆ ಬೂಷ್ಟು ತಾನಾಗಿ ಬಂದು ಬಿತ್ತು. ಬ್ರೋಟ್ಸು ಮಾತ್ರ ಅದನ್ನು ಹುಡುಕಿಕೊಂಡೇ ಹೋದರು.

1895ರಲ್ಲಿ ಹುಟ್ಟಿದ ಇವರು ಸಾರ್ಡಿನಿಯಾ ದ್ವೀಪದವರು. ಮಲೇರಿಯಾದಿಂದ ನರಳುತ್ತಿದ್ದ ನಾಡು ಅದು. ವೈದ್ಯಕೀಯ ಓದಿ, ಕಾಲ್ಯರಿ ವಿಶ್ವವಿದ್ಯಾಲಯದಲ್ಲಿ ನೈರ್ಮಲ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅದರ ಮುಖ್ಯಸ್ಥರೂ ಆದರು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಅವರನ್ನು ಕಾಡತೊಡಗಿತು. ಕಾಲ್ಯರಿಯ ಚರಂಡಿ ನೀರೆಲ್ಲ ಸು ಸಿಕ್ಕು ಎಂಬಲ್ಲಿ ಕಡಲು ಸೇರುತ್ತಿತ್ತು. ಊರ ಹುಡುಗರು ಅಲ್ಲೇ ಈಜುತ್ತಿದ್ದರು. ಆದರೂ ಆ ಊರಲ್ಲಿ ಟೈಫಾಯಿಡ್ ಅಷ್ಟು ಉಗ್ರವಾಗಿರಲಿಲ್ಲ. ಬೇರೆಯವರಾಗಿದ್ದರೆ ಹುಡುಗರ ಅದೃಷ್ಟ ಅಂತ ಸುಮ್ಮನಾಗುತ್ತಿದ್ದರೇನೋ. ಬ್ರೋಟ್ಸು ಮಾತ್ರ, ಆ ನೀರಲ್ಲಿರುವ ಯಾವುದೋ ಜೀವಿ ಟೈಫಾಯಿಡ್ ರೋಗಾಣುವನ್ನು ಕೊಲ್ಲುತ್ತಿರಬೇಕು ಎಂದು ಊಹಿಸಿದರು. 1945ರಲ್ಲಿ ಅಲ್ಲಿನ ನೀರು ತಂದು ಪರೀಕ್ಷಿಸಿದರು. ಸಿಕ್ಕಿತು ನೋಡಿ, ಒಂದು ಶಿಲೀಂಧ್ರ! ಆಗ ಅದರ ಹೆಸರು ಸೆಫಲೋಸ್ಪೋರಿಯಂ ಅಕ್ರೆಮೋನಿಯಂ. ಅದರ ಸಾರ ಟೈಫಾಯಿಡ್ ರೋಗಾಣುವನ್ನಷ್ಟೇ ಅಲ್ಲ, ಕುರುವಿನ ರೋಗಾಣುವನ್ನೂ ತಡೆಯಿತು. ರೋಗಿಗಳ ಮೇಲೂ ಪ್ರಯೋಗಿಸಿದರು; ಗುಣ ಕಂಡಿತು.

ಆದರೆ ಸಾರವನ್ನು ಶುದ್ಧಗೊಳಿಸಲು ಬೇಕಾದ ಸಲಕರಣೆ ಅವರಲ್ಲಿರಲಿಲ್ಲ. ಇಟಲಿಯ ಔಷಧ ಕಂಪನಿಗಳೂ ಕೈಹಿಡಿಯಲಿಲ್ಲ. 1948ರಲ್ಲಿ ತಮ್ಮ ಸಂಸ್ಥೆಯದೇ ಒಂದು ಪತ್ರಿಕೆಯಲ್ಲಿ, ತಮ್ಮದೇ ಭಾಷೆಯಲ್ಲಿ, ಎಲ್ಲವನ್ನೂ ಬರೆದಿಟ್ಟರು. ನಮ್ಮ ಸಂಘದ ಈ ಪುಟಗಳಂತೆಯೇ ಅದಕ್ಕೂ ಬೆರಳೆಣಿಕೆಯ ಓದುಗರಿದ್ದಿರಬೇಕು. ಆದರೂ ಅದು ವ್ಯರ್ಥವಾಗಲಿಲ್ಲ. ಹಿಂದೆ ಸಾರ್ಡಿನಿಯಾದಲ್ಲಿ ಕೆಲಸ ಮಾಡಿದ್ದ ಬ್ರಿಟಿಷ್ ವೈದ್ಯರೊಬ್ಬರ ಮೂಲಕ ಸುದ್ದಿ ಆಕ್ಸ್‌ಫರ್ಡಿನ ಫ್ಲೋರಿಯವರಿಗೆ ಮುಟ್ಟಿತು. ಬ್ರೋಟ್ಸು ಹಿಂದುಮುಂದು ನೋಡದೆ ಶಿಲೀಂಧ್ರವನ್ನೇ ಕಳಿಸಿಕೊಟ್ಟರು.

ಮುಂದೆ ಆಗಿದ್ದೇ ತಮಾಷೆ. ಅಲ್ಲಿ ಎಬ್ರಹಾಂ ಮತ್ತು ನ್ಯೂಟನ್ ಅದರಲ್ಲಿ ಒಂದಲ್ಲ, ಹಲವು ಔಷಧವಸ್ತುಗಳನ್ನು ಕಂಡರು. ಟೈಫಾಯಿಡ್ ರೋಗಾಣುವನ್ನು ಕೊಲ್ಲುತ್ತಿದ್ದದ್ದು ಮುಖ್ಯವಾಗಿ ಪೆನಿಸಿಲಿನ್ ಜಾತಿಯದೇ ಒಂದು ವಸ್ತು. 1953ರಲ್ಲಿ ಸಿಕ್ಕ ಸೆಫಲೋಸ್ಪೋರಿನ್ ಸಿ ಇದ್ದದ್ದು ಅತ್ಯಲ್ಪ, ಅದರ ಶಕ್ತಿಯೂ ಕಡಿಮೆ. ಆದರೆ ಪೆನಿಸಿಲಿನ್ನನ್ನು ಮುರಿದುಹಾಕುವ ಕಿಣ್ವವನ್ನು ಆಗಲೇ ಅನೇಕ ರೋಗಾಣುಗಳು ತಯಾರಿಸುತ್ತಿದ್ದವು, ಆಸ್ಪತ್ರೆಗಳು ಕಂಗೆಟ್ಟಿದ್ದವು. ಆ ಕಿಣ್ವಕ್ಕೆ ಸೆಫಲೋಸ್ಪೋರಿನ್ ಸಿ ಜಗ್ಗಲಿಲ್ಲ. ಅದರ ತಿರುಳನ್ನು ಉಳಿಸಿಕೊಂಡು ಪಕ್ಕದ ಕೊಂಡಿಗಳನ್ನು ಬದಲಿಸಿ ರಸಾಯನಶಾಸ್ತ್ರಜ್ಞರು ಬಲವಾದ ಮದ್ದುಗಳನ್ನು ಮಾಡಿದರು. ಮೊದಲನೆಯದಾದ ಸೆಫಲೋಥಿನ್ 1964ರಲ್ಲಿ ಬಳಕೆಗೆ ಬಂತು. ಪೇಟೆಂಟು ಬ್ರಿಟನ್ನಿನ ಪಾಲಾಯಿತು.

ಅಷ್ಟರಲ್ಲಿ ಬ್ರೋಟ್ಸು ಸಾರ್ವಜನಿಕ ಜೀವನಕ್ಕೆ ಇಳಿದಿದ್ದರು. ಸಾರ್ಡಿನಿಯಾ ಪ್ರಾಂತದ ಅಧ್ಯಕ್ಷರಾದರು, 1960ರಿಂದ ಕಾಲ್ಯರಿಯ ಮೇಯರ್ ಆದರು. 1971ರಲ್ಲಿ ಆಕ್ಸ್‌ಫರ್ಡ್ ಅವರಿಗೆ ಗೌರವ ಪದವಿ ಕೊಟ್ಟಿತು. 1976ರಲ್ಲಿ ತೀರಿಕೊಂಡರು. ಕಾಲ್ಯರಿಯ ದೊಡ್ಡ ಆಸ್ಪತ್ರೆಗೆ ಅವರ ಹೆಸರಿಟ್ಟಿದ್ದಾರೆ.

ಶುದ್ಧಗೊಳಿಸಿದವರು ಬೇರೆಯವರು, ಹಾಗಾಗಿ ಬ್ರೋಟ್ಸು ಮಾಡಿದ್ದು ಅರ್ಧ ಕೆಲಸ ಅನ್ನಬಹುದು. ನಾನು ಒಪ್ಪಲಾರೆ. ಎಲ್ಲರೂ ಮೂಗು ಮುಚ್ಚಿಕೊಂಡು ಹೋಗುವ ಕಡೆ ನಿಂತು ಅವರು ಪ್ರಶ್ನೆ ಕೇಳಿದರು. ತಮ್ಮ ಕೈಲಾಗದ್ದನ್ನು ಬಚ್ಚಿಡದೆ ಕೈಲಾಗುವವರಿಗೆ ಒಪ್ಪಿಸಿದರು. ಎರಡೂ ಸುಲಭವಲ್ಲ, ಅಲ್ವೇ? ಅವರು ಹುಡುಕಹೊರಟದ್ದು ಟೈಫಾಯಿಡ್‌ಗೆ ಮದ್ದು. ಇವತ್ತು ಟೈಫಾಯಿಡ್ ರೋಗಿಗೆ ವೈದ್ಯರು ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಇದೇ ವಂಶದ್ದು. ಸುತ್ತಿ ಬಳಸಿಯಾದರೂ ಅವರ ಹುಡುಕಾಟ ಹೊರಟ ಊರನ್ನೇ ಮುಟ್ಟಿತು.